ಕಡಲಿನ ಕೂಗು ಎಷ್ಟು ದೂರ ಕೇಳಿಸುತ್ತದೆ?

ಗಂಗೊಳ್ಳಿ ಅಳಿವೆ ದಾಟಿ ಪಡುವಣಕ್ಕೆ ಹೊರಟ ಬೋಟಿನಲ್ಲಿ ಮೊದಲು ಕೈಕೊಡುವುದು ಮೊಬೈಲು. ದಡದ ದೀಪಗಳು ಸಣ್ಣಗಾಗುತ್ತಾ ಹೋದಂತೆ ಅದರ ಪರದೆಯ ಮೇಲಿನ ಗೆರೆಗಳೂ ಒಂದೊಂದಾಗಿ ಮಾಯವಾಗುತ್ತವೆ. ಆಮೇಲೆ ಉಳಿಯುವುದು ತಂಡೇಲನ ಪಕ್ಕದಲ್ಲಿರುವ ವಯರ್‌ಲೆಸ್ ಸೆಟ್. ಇನ್ನಷ್ಟು ದೂರ ಹೋದರೆ ಅದರಲ್ಲೂ ಕರಕರ ಸದ್ದು ಬಿಟ್ಟು ಬೇರೇನೂ ಕೇಳಿಸದು. ಹೆಚ್ಚು ಶಕ್ತಿಯ ಸೆಟ್ ಹಾಕಿಸಿದರೆ ಸಾಲದೇ ಎಂದು ಯಾರಿಗಾದರೂ ಅನಿಸುವುದು ಸಹಜ. ಮರವಂತೆಯ ಕಡಲ ಬದಿಯಲ್ಲಿ ಮದುವೆಯ ಚಿತ್ರ ತೆಗೆಯಲು ಡ್ರೋನ್ ಹಾರಿಸುವವರಿಗೂ ಇದೇ ಆಸೆ: ರಿಮೋಟಿಗೊಂದು ಬೂಸ್ಟರ್ ಸಿಕ್ಕಿಸಿದರೆ ಇನ್ನೂ ಒಂದು ಕಿಲೋಮೀಟರು ದಾಟಬಹುದಲ್ಲ!

ಆದರೆ ರೇಡಿಯೋ ಅಲೆಯ ದೂರ ನಿರ್ಧಾರವಾಗುವುದು ಬರೀ ಶಕ್ತಿಯಿಂದಲ್ಲ. ಬೋಟುಗಳ ವಿ.ಎಚ್.ಎಫ್. ಸೆಟ್ಟನ್ನೇ ತೆಗೆದುಕೊಳ್ಳಿ. ಆಪತ್ತಿನ ಕರೆಗೆಂದು ಜಗತ್ತಿನಾದ್ಯಂತ ಮೀಸಲಾದ 16ನೇ ಚಾನೆಲ್ ಇರುವುದು 156.8 ಮೆಗಾಹರ್ಟ್ಜ್‌ನಲ್ಲಿ. ಈ ಅಲೆಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರ ದಾರಿ ಹಿಡಿಯುತ್ತವೆ. ಭೂಮಿಯಾದರೋ ಗುಂಡಗಿದೆ. ದೂರದ ಬೋಟು ದಿಗಂತದ ಕೆಳಗೆ ಇಳಿದಂತೆ ಅದರ ಆಂಟೆನಾ ಕೂಡ ಇಳಿಯುತ್ತದೆ. ನಡುವೆ ನೀರಿನ ಗುಡ್ಡವೇ ಅಡ್ಡ ನಿಂತಂತೆ. 25 ವ್ಯಾಟ್ ಸೆಟ್ ತೆಗೆದು 100 ವ್ಯಾಟ್‌ನದು ಕೂರಿಸಿದರೂ ಆ ಗುಡ್ಡ ಕರಗದು.

ಇದಕ್ಕೊಂದು ಸುಲಭದ ಲೆಕ್ಕವಿದೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ಬರೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತ ಎಷ್ಟು ಕಿಲೋಮೀಟರ್ ದೂರ ಎಂಬುದು ಸಿಗುತ್ತದೆ. ಆಂಟೆನಾ ನೀರಿನಿಂದ 9 ಮೀಟರ್ ಮೇಲಿದ್ದರೆ ದಿಗಂತ ಸುಮಾರು 12 ಕಿ.ಮೀ. ಅಷ್ಟೇ ಎತ್ತರದ ಆಂಟೆನಾ ಇರುವ ಎರಡು ಬೋಟುಗಳ ನಡುವೆ ಸುಮಾರು 25 ಕಿ.ಮೀ. ದಡದಲ್ಲಿ 100 ಮೀಟರ್ ಎತ್ತರದ ಗೋಪುರವಿದ್ದರೆ ಅದೇ ಬೋಟು 53 ಕಿ.ಮೀ.ವರೆಗೆ ಮಾತನಾಡಬಹುದು. ಬೋಟಿನವರು ಒಂದು ವ್ಯಾಟ್ ಕೂಡ ಹೆಚ್ಚಿಸಬೇಕಿಲ್ಲ.

ಮರವಂತೆಯಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಸೌಪರ್ಣಿಕೆಯ ಕಡೆ ನೋಡಿದರೆ ಕಾಣುವ ಕೊಡಚಾದ್ರಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಎತ್ತರ 1,343 ಮೀಟರ್. ಮೇಲಿನ ಲೆಕ್ಕ ಹಾಕಿದರೆ ಅಲ್ಲಿಂದ ರೇಡಿಯೋ ದಿಗಂತ 150 ಕಿ.ಮೀ. ದಾಟುತ್ತದೆ. ನೆಲದ ಮೇಲಿನ ದಾರಿ ಕಳೆದರೂ ಕಡಲಿನೊಳಗೆ ಬಹುದೂರ ಉಳಿಯುತ್ತದೆ. ಆಕಾಶ ತಿಳಿಯಾಗಿದ್ದ ಸಂಜೆ ಆ ಶಿಖರದಿಂದ ಅರಬ್ಬಿ ಸಮುದ್ರ ನೋಡಿದವರಿಗೆ ಇದನ್ನು ಮತ್ತೆ ವಿವರಿಸಬೇಕಾಗಿಲ್ಲ.

ಹಾಗಾದರೆ ಹಿಂದೆಲ್ಲ ಕಡಲ ಮೇಲೂ ಆಕಾಶವಾಣಿ ಕೇಳಿಸುತ್ತಿದ್ದುದು ಹೇಗೆ? 1976ರ ಡಿಸೆಂಬರ್ 11ರಂದು ಆರಂಭವಾದ ಮಂಗಳೂರು ಆಕಾಶವಾಣಿಯ ಮೀಡಿಯಂ ವೇವ್ ಪ್ರಸಾರ ಗೋಪುರ ಇದ್ದದ್ದು ಮಂಗಳೂರಿನಲ್ಲಲ್ಲ, ಬ್ರಹ್ಮಾವರದಲ್ಲಿ. ಅದರ 1089 ಕಿಲೋಹರ್ಟ್ಜ್ ಅಲೆಯ ಉದ್ದ ಸುಮಾರು 275 ಮೀಟರ್. ಇಂಥ ಉದ್ದನೆಯ ಅಲೆಗಳು ನೆಲಕ್ಕೆ ಅಂಟಿಕೊಂಡು, ಭೂಮಿ ಬಾಗಿದಲ್ಲಿ ತಾವೂ ಬಾಗಿ ಸಾಗುತ್ತವೆ. ಉಪ್ಪುನೀರು ವಿದ್ಯುತ್ತಿಗೆ ಒಳ್ಳೆಯ ವಾಹಕ. ಆದ್ದರಿಂದ ಒಣನೆಲಕ್ಕಿಂತ ಕಡಲ ಮೇಲೆ ಅವು ಇನ್ನೂ ದೂರ ಹೋಗುತ್ತವೆ. ಆದರೆ ಅಂಥ ಅಲೆ ಕಳುಹಿಸಲು ಭಾರಿ ಗೋಪುರ ಬೇಕು. ಬೋಟಿನವರು ಕೇಳಬಹುದಿತ್ತು, ಮರುಮಾತು ಹೇಳುವಂತಿರಲಿಲ್ಲ.

ಡ್ರೋನಿನ ರಿಮೋಟು ಇದಕ್ಕೆ ತದ್ವಿರುದ್ಧ. ಅದು ಸಾಮಾನ್ಯವಾಗಿ ಬಳಸುವ 2.4 ಗಿಗಾಹರ್ಟ್ಜ್ ಅಲೆಯ ಉದ್ದ ಗೇಣಿಗಿಂತಲೂ ಕಡಿಮೆ, ಹನ್ನೆರಡೂವರೆ ಸೆಂಟಿಮೀಟರ್. ತೆಂಗಿನ ತೋಟದ ಹಸಿ ಎಲೆ, ಹಾರಿಸುವವನ ಮೈ, ಎಲ್ಲವೂ ಇದಕ್ಕೆ ಅಡ್ಡಿ. ಅಡ್ಡಿಯೇ ಇಲ್ಲದ ಬಯಲಿನಲ್ಲಿ ಕೂಡ ದೂರವನ್ನು ಎರಡು ಪಟ್ಟು ಮಾಡಬೇಕಾದರೆ ಶಕ್ತಿಯನ್ನು ನಾಲ್ಕು ಪಟ್ಟು ಮಾಡಬೇಕು. ಹತ್ತು ಪಟ್ಟು ದೂರಕ್ಕೆ ನೂರು ಪಟ್ಟು. ಅದರ ಬದಲು ಸ್ವಲ್ಪ ಎತ್ತರದ ಜಾಗದಲ್ಲಿ ನಿಂತು, ಆಂಟೆನಾದ ತುದಿಯನ್ನು ಡ್ರೋನಿನ ಕಡೆ ತೋರಿಸದೆ ಬದಿಯನ್ನು ತೋರಿಸಿದರೆ ಪುಕ್ಕಟೆಯಾಗಿ ದೂರ ಹೆಚ್ಚುತ್ತದೆ. ಕಡ್ಡಿಯಂಥ ಆಂಟೆನಾದ ತುದಿಯಿಂದ ಅಲೆ ಹೊರಡುವುದೇ ಇಲ್ಲವೆನ್ನಬಹುದು. ಈ ಸಣ್ಣ ಗುಟ್ಟು ತಿಳಿಯದೆ ಬೂಸ್ಟರಿಗೆ ಹಣ ಸುರಿಯುವವರೇ ಹೆಚ್ಚು. ಭಾರತದಲ್ಲಿ 2005ರ ನಿಯಮ ಈ ಅಲೆಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು ನಿಜ; ಆದರೆ ಪ್ರೇಷಕದ ಶಕ್ತಿಗೆ 1 ವ್ಯಾಟ್ ಮಿತಿಯನ್ನೂ ಹಾಕಿತು.

ದೂರದಿಂದ ಯಂತ್ರ ಆಡಿಸುವ ಹುಚ್ಚು ಹೊಸದೇನಲ್ಲ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಜನರೆದುರು ತಂತಿಯಿಲ್ಲದೆ ಓಡಿಸಿ ತೋರಿಸಿದ್ದು ಒಂದು ಪುಟ್ಟ ದೋಣಿಯನ್ನೇ. ಅದಕ್ಕೂ ಮುಂಚೆ, 1895ರಲ್ಲಿ, ಕಲ್ಕತ್ತಾದಲ್ಲಿ ಜಗದೀಶ್ ಚಂದ್ರ ಬೋಸ್ ಗೋಡೆಗಳಾಚೆಗೆ ಅಲೆ ಕಳಿಸಿ ಗಂಟೆ ಬಾರಿಸಿದ್ದರು, ಮದ್ದು ಸಿಡಿಸಿದ್ದರು. ಅಲ್ಲಿದ್ದ ಲೆಫ್ಟಿನೆಂಟ್ ಗವರ್ನರರ ಮೈಯನ್ನೂ ಅಲೆ ದಾಟಿತೆಂದು ಹೇಳುತ್ತಾರೆ. ಇಂದು ಮೈಕ್ರೋವೇವ್ ಎಂದು ಕರೆಯುವ ಕಿರು ಅಲೆಗಳನ್ನು ಬೋಸರು ಆಗಲೇ ಪಳಗಿಸಿದ್ದರು.

ಅಲೆ ಮೈ ದಾಟಿದರೆ ಅಪಾಯವಲ್ಲವೇ? ಭಯ ಹುಟ್ಟುವುದು ಇಲ್ಲೇ. ಎಕ್ಸ್-ರೇಯಂತೆ ಅಣುವಿನಿಂದ ಇಲೆಕ್ಟ್ರಾನನ್ನು ಕಿತ್ತೊಗೆಯುವ ತಾಕತ್ತು ಈ ಅಲೆಗಳಿಗಿಲ್ಲ. ಅವು ಮಾಡುವುದು ಬಿಸಿ. 1945ರಲ್ಲಿ ಅಮೆರಿಕದ ಪರ್ಸಿ ಸ್ಪೆನ್ಸರ್ ಎಂಬ ಎಂಜಿನಿಯರ್ ರಾಡಾರಿನ ಮ್ಯಾಗ್ನೆಟ್ರಾನ್ ಬಳಿ ನಿಂತಿದ್ದಾಗ ಕಿಸೆಯ ಮಿಠಾಯಿ ಕರಗಿದ್ದರಿಂದಲೇ ಅಡುಗೆಮನೆಯ ಮೈಕ್ರೋವೇವ್ ಒಲೆ ಹುಟ್ಟಿತೆಂಬ ಕಥೆಯಿದೆ. ಆ ಒಲೆಯ ಅಲೆ 2.45 ಗಿಗಾಹರ್ಟ್ಜ್, ಅಂದರೆ ಡ್ರೋನ್ ರಿಮೋಟಿನ ಅಲೆಪಟ್ಟಿಯೇ. ವ್ಯತ್ಯಾಸವಿರುವುದು ಪ್ರಮಾಣದಲ್ಲಿ: ಅಲ್ಲಿ ಎಂಟುನೂರು ಸಾವಿರ ವ್ಯಾಟ್ ಲೋಹದ ಪೆಟ್ಟಿಗೆಯೊಳಗೆ ಬಂದಿ, ಇಲ್ಲಿ ಒಂದು ವ್ಯಾಟಿಗೂ ಕಡಿಮೆ ಬಯಲಿನಲ್ಲಿ ಚೆದುರಿಹೋಗುತ್ತದೆ. ಒಲೆಯ ಸೋರಿಕೆ 5 ಸೆಂ.ಮೀ. ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಮೀರಬಾರದೆಂಬ ಮಿತಿಯಿದೆ. ಬಾಗಿಲು ಸರಿಯಾಗಿ ಮುಚ್ಚುವ ಒಲೆಯ ಎದುರು ನಿಂತವರು ಹೆದರಬೇಕಿಲ್ಲ.

ಹೆದರಬೇಕಾದದ್ದು ಹಾಳಾದ ಒಲೆಯನ್ನು ಬಿಚ್ಚಿ, ಮ್ಯಾಗ್ನೆಟ್ರಾನ್ ಹೊರತೆಗೆದು, ಅದನ್ನೇ 'ಬೂಸ್ಟರ್' ಮಾಡಹೊರಡುವ ಸಾಹಸಕ್ಕೆ. ಮೊದಲನೆಯದಾಗಿ ಅದು ಕೆಲಸ ಮಾಡದು; ಮ್ಯಾಗ್ನೆಟ್ರಾನ್ ಅಲೆಯನ್ನು ತಾನೇ ಹುಟ್ಟಿಸುತ್ತದೆಯೇ ಹೊರತು ರಿಮೋಟಿನ ಸಂಕೇತವನ್ನು ಹಿಗ್ಗಿಸುವುದಿಲ್ಲ. ಅದರ ಗದ್ದಲದಲ್ಲಿ ಅಕ್ಕಪಕ್ಕದ ವೈಫೈ ಜತೆಗೆ ಸ್ವಂತ ಡ್ರೋನೂ ಕಿವುಡಾಗುತ್ತದೆ. ಎರಡನೆಯದಾಗಿ, ರಕ್ತ ಹರಿದು ತಂಪಾಗುವ ಅನುಕೂಲ ಕಣ್ಣಿನ ಮಸೂರಕ್ಕೆ ಇಲ್ಲ; ಬಿಸಿಯಾದರೆ ಅದು ಪೊರೆಗಟ್ಟಬಹುದು. ಎಲ್ಲಕ್ಕಿಂತ ಬೇಗ ಕೊಲ್ಲುವುದು ಒಳಗಿನ ಎರಡು ಸಾವಿರ ವೋಲ್ಟಿನಷ್ಟು ವಿದ್ಯುತ್. ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರಿನಲ್ಲಿ ಹೊಂಚುಹಾಕಿ ಕೂತಿರುತ್ತದೆ.

ಜನ ಮಾತ್ರ ದೂರುವುದು ಹೆಚ್ಚಾಗಿ ಮೊಬೈಲ್ ಗೋಪುರವನ್ನು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2011ರಲ್ಲಿ ರೇಡಿಯೋ ಅಲೆಗಳನ್ನು 'ಕ್ಯಾನ್ಸರ್‌ಕಾರಕ ಇರಬಹುದು' ಎಂಬ ಗುಂಪಿಗೆ ಸೇರಿಸಿದ್ದು ನಿಜ. ಸೀಮಿತ ಪುರಾವೆಯಿರುವ ಸಂಗತಿಗಳ ಗುಂಪದು. ಆರೋಪ ಸಾಬೀತಾಯಿತೆಂದು ಅದರ ಅರ್ಥವಲ್ಲ. 2012ರ ಸೆಪ್ಟೆಂಬರ್ 1ರಿಂದ ಭಾರತ ಗೋಪುರಗಳಿಗೆ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವನ್ನೇ ಮಿತಿಯಾಗಿ ಜಾರಿಗೆ ತಂದಿತು. ಇಲ್ಲೊಂದು ತಮಾಷೆಯೂ ಇದೆ. ಗೋಪುರ ದೂರವಾದಷ್ಟೂ ಕಿವಿಗೆ ಹಿಡಿದ ಫೋನು ಹೆಚ್ಚು ಶಕ್ತಿ ಹಾಕಿ ಕೂಗುತ್ತದೆ. ಊರಿನ ಗೋಪುರ ಓಡಿಸಿದವರು ಅಲೆಯನ್ನು ಕಿವಿಯ ಹತ್ತಿರಕ್ಕೆ ಕರೆದುಕೊಂಡಂತೆ.

ಕಡಲಿನಲ್ಲಿರುವವರ ಚಿಂತೆ ಬೇರೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿ ಮೀನುಗಾರರೊಡನೆ ಮಹಾರಾಷ್ಟ್ರದ ಕಡಲಲ್ಲಿ ಸಂಪರ್ಕ ಕಳೆದುಕೊಂಡಿತು. ನೌಕಾಪಡೆಯ 'ನಿರೀಕ್ಷಕ್' ಹಡಗು ಮಾಲ್ವಣದಾಚೆ ಅದರ ಅವಶೇಷ ಪತ್ತೆ ಮಾಡಿದ್ದು ಮರುವರ್ಷದ ಮೇ ತಿಂಗಳಲ್ಲಿ. ದುರಂತದ ಕಾರಣದ ಚರ್ಚೆ ಬೇರೆಯೇ. ಆದರೆ ನಡುಗಡಲಿನಲ್ಲಿ ಆಪತ್ತಿಗೆ ಸಿಕ್ಕ ಬೋಟಿನ ಕೂಗು ದಿಗಂತದಾಚೆ ಹೋಗಲೇಬೇಕು ಎಂಬುದನ್ನು ಆ ತಿಂಗಳುಗಳು ಕರಾವಳಿಗೆಲ್ಲ ಮನದಟ್ಟು ಮಾಡಿದವು.

ಅದಕ್ಕೆ ಬೇಕಾದ ಎತ್ತರ ಕೊಡಚಾದ್ರಿಗೂ ಇಲ್ಲ, ಉಪಗ್ರಹಕ್ಕಿದೆ. ಮೀನುಗಾರರಿಗಾಗಿ ಇಸ್ರೋ ರೂಪಿಸಿದ ಆಪತ್ತಿನ ಸಂದೇಶದ ಉಪಕರಣ 2010ರಿಂದಲೇ ಬಳಕೆಯಲ್ಲಿದೆ. ಗುಂಡಿ ಒತ್ತಿದರೆ ಬೋಟು ಇರುವ ಜಾಗದ ವಿವರ ಉಪಗ್ರಹದ ಮೂಲಕ ನಿಯಂತ್ರಣ ಕೇಂದ್ರಕ್ಕೆ, ಅಲ್ಲಿಂದ ರಕ್ಷಣಾ ಕೇಂದ್ರಗಳಿಗೆ ತಲುಪುತ್ತದೆ. 2024ರ ಆಗಸ್ಟ್‌ನಲ್ಲಿ ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವ ರಾಷ್ಟ್ರೀಯ ಯೋಜನೆಯೂ ಆರಂಭವಾಯಿತು. ಇಸ್ರೋದ ಹಳೆಯ ಉಪಕರಣದಲ್ಲಿ ಒಂದು ಕೊರತೆಯಿತ್ತು: ಗುಂಡಿ ಒತ್ತಿದವನಿಗೆ ತನ್ನ ಕೂಗು ಯಾರಿಗಾದರೂ ಕೇಳಿಸಿತೇ ಎಂದು ತಿಳಿಯುತ್ತಿರಲಿಲ್ಲ. 2024ರ ಜನವರಿಯಲ್ಲಿ ಬಂದ ಎರಡನೆಯ ಪೀಳಿಗೆಯ ಉಪಕರಣದಲ್ಲಿ ಸಂದೇಶ ತಲುಪಿದ ಬಗ್ಗೆ ಮರು ಉತ್ತರ ಬರುತ್ತದೆ. ಅದನ್ನು ಮೊಬೈಲಿಗೆ ಜೋಡಿಸಿಕೊಂಡರೆ ಆ ಉತ್ತರವನ್ನು ಮೀನುಗಾರ ತನ್ನ ಭಾಷೆಯಲ್ಲೇ ಓದಿಕೊಳ್ಳಬಹುದು.