ಭೂಮಿಯಲ್ಲಿ ದೊರೆಯುವ ರೋಮನ್ ನಾಣ್ಯ ಹಾಗೂ ಪ್ರಾಚೀನ ವಸ್ತುಗಳು: ಸಾರ್ವಜನಿಕರಿಗೆ ಮಾಹಿತಿ

ಅಡಿಕೆ ತೋಟಕ್ಕೆ ಗುಂಡಿ ತೆಗೆಯುವಾಗ, ಬಾವಿ ತೋಡುವಾಗ ಅಥವಾ ದೇವಸ್ಥಾನ, ಚರ್ಚು, ಮಸೀದಿ, ಶಾಲೆಗಳ ಕಟ್ಟಡಕ್ಕೆ ಪಾಯ ಅಗೆಯುವಾಗ ಹಳೆಯ ನಾಣ್ಯ, ಮಡಕೆ ಚೂರು ಮುಂತಾದವು ದೊರೆಯುವುದುಂಟು. ಇವುಗಳ ಮಹತ್ವವನ್ನೂ, ದೊರೆತಾಗ ಅನುಸರಿಸಬೇಕಾದ ಕ್ರಮವನ್ನೂ ಸುಳ್ಯ ತಾಲ್ಲೂಕಿನ ಜಾಲ್ಸೂರು ಮತ್ತು ಸುತ್ತಲಿನ ಗ್ರಾಮಗಳ ನಾಗರಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಕರ್ನಾಟಕ ಮತ್ತು ರೋಮ್

ಸುಮಾರು 2000 ವರ್ಷಗಳ ಹಿಂದೆ ಪಶ್ಚಿಮ ಕರಾವಳಿಯಿಂದ ಕರಿಮೆಣಸು ಮೊದಲಾದ ಸರಕುಗಳು ರೋಮ್ ಸಾಮ್ರಾಜ್ಯಕ್ಕೆ ರಫ್ತಾಗುತ್ತಿದ್ದವು. ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿಯು ಕಡಲ್ಗಳ್ಳರ ಸಂಬಂಧದಲ್ಲಿ ಹೆಸರಿಸಿರುವ 'ನಿಟ್ರಿಯಾಸ್' ಎಂಬ ಸ್ಥಳವನ್ನು ಕೆಲವು ವಿದ್ವಾಂಸರು ನೇತ್ರಾವತಿ ನದಿಯ ಮುಖಜ ಪ್ರದೇಶದೊಂದಿಗೆ ಗುರುತಿಸಿದ್ದಾರೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿಯೂ, 1965ರಲ್ಲಿ ಅಲ್ಲಿಯ ಎಚ್.ಎ.ಎಲ್. ವಿಮಾನ ನಿಲ್ದಾಣದ ಪ್ರದೇಶದಲ್ಲಿಯೂ ರೋಮನ್ ಬೆಳ್ಳಿ ನಾಣ್ಯಗಳ ನಿಧಿಗಳು ದೊರೆತಿವೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಪೂರ್ವ ರೋಮ್ ಚಕ್ರವರ್ತಿಗಳ ಚಿನ್ನದ ನಾಣ್ಯಗಳು ದೊರೆತಿವೆ.

ನಾಣ್ಯ ದೊರೆತ ಮಾತ್ರಕ್ಕೆ ವಸಾಹತು ಇತ್ತೆಂದು ಹೇಳಬಹುದೇ?

ಹೇಳಲಾಗದು. ನಾಣ್ಯವು ವ್ಯಾಪಾರಿಗಳ ಕೈಯಿಂದ ಕೈಗೆ ಬಹುದೂರ ಸಾಗಬಲ್ಲದು. ಅದು ಯಾವ ಮಣ್ಣಿನ ಪದರದಲ್ಲಿ, ಯಾವ ವಸ್ತುಗಳ ಜೊತೆಯಲ್ಲಿ ದೊರೆಯಿತೆಂಬುದೇ ಮುಖ್ಯ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದರು. ಅಲ್ಲಿ ಶಾತವಾಹನ ಕಾಲದ ಅವಶೇಷಗಳೊಂದಿಗೆ ರೋಮನ್ ನಾಣ್ಯವೂ ದೊರೆತುದರಿಂದ ಆ ಪದರಗಳ ಕಾಲವನ್ನು ನಿರ್ಣಯಿಸಲು ಆಧಾರವಾಯಿತು. ಆದರೂ ಚಂದ್ರವಳ್ಳಿಯನ್ನು ರೋಮನ್ನರ ಊರೆಂದು ಪರಿಗಣಿಸಲಾಗಿಲ್ಲ.

ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ 1945ರಲ್ಲಿ ಇಟಲಿಯ ಮಡಕೆಗಳು ಹಾಗೂ ದ್ರಾಕ್ಷಾರಸದ ಜಾಡಿಗಳ ಚೂರುಗಳು ದೊರೆತಾಗ, ಅದನ್ನು ರೋಮ್ ವ್ಯಾಪಾರದ ಠಾಣೆಯೆಂದು ಭಾವಿಸಲಾಗಿತ್ತು. ಮುಂದಿನ ಸಂಶೋಧನೆಗಳಿಂದ ಆ ನೆಲೆಯು ರೋಮ್ ಸಂಪರ್ಕಕ್ಕೂ ಮೊದಲೇ ಇದ್ದ ಭಾರತೀಯರ ನೆಲೆಯೆಂದು ತಿಳಿದುಬಂದಿತು.

ಹೆಂಚಿನ ಚೂರುಗಳನ್ನು ಕಂಡು ತೀರ್ಮಾನಕ್ಕೆ ಬರುವುದೂ ಸರಿಯಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ನಂತರ ಇಂತಹ ಹೆಂಚುಗಳು ಜಿಲ್ಲೆಯ ಮನೆ, ಶಾಲೆ, ಚರ್ಚುಗಳ ಮೇಲೆ ವ್ಯಾಪಕವಾಗಿ ಬಳಕೆಗೆ ಬಂದವು.

ನಾಗರಿಕರು ಅನುಸರಿಸಬೇಕಾದ ಕ್ರಮ

1. ಅಗೆತವನ್ನು ಕೂಡಲೇ ನಿಲ್ಲಿಸುವುದು. ವಸ್ತುಗಳನ್ನು ತೊಳೆಯುವುದು, ಉಜ್ಜುವುದು, ಹಂಚಿಕೊಳ್ಳುವುದು ಅಥವಾ ಕರಗಿಸುವುದು ಕೂಡದು.
2. ಸ್ಥಳ, ಆಳ, ದಿನಾಂಕ ಹಾಗೂ ಜೊತೆಯಲ್ಲಿ ದೊರೆತ ಮಡಕೆ ಚೂರುಗಳನ್ನು ಗುರುತು ಮಾಡಿಡುವುದು. ಸಾಧ್ಯವಿದ್ದಲ್ಲಿ ಛಾಯಾಚಿತ್ರ ತೆಗೆಯುವುದು.
3. ಕರ್ನಾಟಕ ನಿಧಿ ಶೋಧ ಅಧಿನಿಯಮ, 1962ರ ಮೇರೆಗೆ ನಿಧಿಯ ಸ್ವರೂಪ, ಅಂದಾಜು ಮೌಲ್ಯ, ಸ್ಥಳ ಮತ್ತು ದಿನಾಂಕವನ್ನು ಜಿಲ್ಲಾಧಿಕಾರಿಯವರಿಗೆ ಲಿಖಿತವಾಗಿ ತಿಳಿಸುವುದು. ಗ್ರಾಮ ಆಡಳಿತ ಅಧಿಕಾರಿ ಅಥವಾ ತಹಶೀಲ್ದಾರರ ಗಮನಕ್ಕೂ ತರಬಹುದು.
4. ಸ್ವಂತ ಜಮೀನಾದರೂ, ನಿಧಿಯನ್ನು ಹುಡುಕುವ ಉದ್ದೇಶದಿಂದ ತಾವಾಗಿ ಅಗೆಯದಿರುವುದು.

ನಿಧಿಯನ್ನು ಪ್ರಾಮಾಣಿಕವಾಗಿ ತಿಳಿಸಿದವರ ಹಾಗೂ ಜಮೀನಿನ ಮಾಲೀಕರ ಹಕ್ಕುಗಳನ್ನು ವಿಚಾರಣೆಯ ನಂತರ ಕಾಯಿದೆಯಂತೆ ನಿರ್ಧರಿಸಲಾಗುವುದು. ಮುಚ್ಚಿಟ್ಟವರು ತಮ್ಮ ಪಾಲನ್ನು ಕಳೆದುಕೊಳ್ಳುವುದಲ್ಲದೆ ಶಿಕ್ಷೆಗೂ ಗುರಿಯಾಗಬೇಕಾಗುತ್ತದೆ. 100 ವರ್ಷಕ್ಕೂ ಹಳೆಯದಾದ ನಾಣ್ಯಗಳು 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುವುದರಿಂದ, ಖಾಸಗಿಯವರು ಅವನ್ನು ವಿದೇಶಕ್ಕೆ ಕಳುಹಿಸುವುದು ನಿಷಿದ್ಧ.

ಅಕ್ಕಸಾಲಿಗನ ತಕ್ಕಡಿಯಲ್ಲಿ ಒಂದು ಬೆಳ್ಳಿ ನಾಣ್ಯದ ಬೆಲೆ ಅಲ್ಪವೇ. ಆದರೆ ಅದು ಕರಗಿದರೆ ಊರಿನ ಇತಿಹಾಸದ ಒಂದು ಸಾಕ್ಷ್ಯ ಶಾಶ್ವತವಾಗಿ ನಾಶವಾದಂತೆ. ಆದುದರಿಂದ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.