ಎಳೆಯ ತೋಳಿಗೂ ಒಂದು ಲೆಕ್ಕವಿರಲಿ

ಭಾನುವಾರದ ಬೆಳಗಾದರೆ ರಾಯದುರ್ಗದ ಬೆಟ್ಟದ ಕೆಳಗಾಗಲಿ, ಮಡಕಶಿರಾದ ಕೋಟೆಗುಡ್ಡದ ಮಗ್ಗುಲಲ್ಲಾಗಲಿ, ಖಾಲಿ ಬಯಲೊಂದು ಕಂಡರೆ ಸಾಕು, ನಮ್ಮ ಮಕ್ಕಳು ಮೂರು ಕೋಲು ನೆಟ್ಟು ಆಟ ಹೂಡುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಅನಂತಪುರದ ಆರ್.ಡಿ.ಟಿ. ಮೈದಾನದಲ್ಲಿ ದುಲೀಪ್ ಟ್ರೋಫಿಯ ಪಂದ್ಯಗಳು ನಡೆದವು. ದೂರದರ್ಶನದಲ್ಲಿ ಮಾತ್ರ ಕಾಣುತ್ತಿದ್ದ ಆಟಗಾರರು ಬಾಗಿಲಿಗೇ ಬಂದರೆ ಹುಡುಗರ ಕನಸು ಬೆಳೆಯದೆ ಇರುವುದೇ? ಕನಸು ಬೆಳೆಯಲಿ. ಆದರೆ ಆ ಕನಸನ್ನು ಹೊರುವ ತೋಳು ಇನ್ನೂ ಎಳೆಯದು ಎಂಬುದನ್ನು ಹಿರಿಯರಾದ ನಾವು ಮರೆಯಬಾರದು.

ಬೆಳೆಯುವ ಮಕ್ಕಳ ಎಲುಬಿನ ತುದಿಗಳಲ್ಲಿ ಮೃದ್ವಸ್ಥಿಯ ಪಟ್ಟಿಯೊಂದಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಪೂರ್ತಿ ಬಲಿಯುವವರೆಗೆ ಅದೇ ಎಲುಬಿನ ಅತಿ ದುರ್ಬಲವಾದ ಭಾಗ. ಚೆಂಡನ್ನು ರಭಸದಿಂದ ಎಸೆದಾಗಲೆಲ್ಲ ಭುಜ, ಮೊಣಕೈಗಳ ಸ್ನಾಯುಗಳು ಆ ಭಾಗವನ್ನು ಜಗ್ಗುತ್ತವೆ. ವೇಗದ ಬೌಲರಿಗೆ ಇದರ ಜೊತೆಗೆ ಬೆನ್ನಿನ ಚಿಂತೆಯೂ ಉಂಟು. ಓಡಿ ಬಂದು, ಮುಂಗಾಲನ್ನು ಊರಿ, ಸೊಂಟವನ್ನು ತಿರುಚಿ ಬಾಗುವಾಗ ಕೆಳಬೆನ್ನಿನ ಎಲುಬಿನ ಮೇಲೆ ಭಾರ ಬೀಳುತ್ತದೆ. ಒಂದು ಎಸೆತದಿಂದ ಏನೂ ಆಗದು. ವಿಶ್ರಾಂತಿಯಿಲ್ಲದೆ ಸಾವಿರಾರು ಬಾರಿ ಹಾಗಾದರೆ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡುತ್ತದೆ.

ಪಳಗಿದವರನ್ನೂ ಈ ಪೆಟ್ಟು ಬಿಟ್ಟಿಲ್ಲ. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥರು 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾಗಿ ಬಹುಕಾಲ ಆಟದಿಂದ ದೂರ ಉಳಿಯಬೇಕಾಯಿತು. ಬೆಂಗಳೂರಿನ ಪ್ರಸಿದ್ಧ ಕೃಷ್ಣ ಅವರು 2022ರಲ್ಲಿ ಕೆಳಬೆನ್ನಿನ ಎಲುಬು ಬಿರುಕುಬಿಟ್ಟು ಸುಮಾರು ಒಂದು ವರ್ಷ ಆಡಲಾಗಲಿಲ್ಲ. ಅವರ ಹಿಂದೆ ತಜ್ಞವೈದ್ಯರಿದ್ದರು, ತರಬೇತುದಾರರಿದ್ದರು. ಹಾಗಾಗಿ ಇಬ್ಬರೂ ಮರಳಿ ಬಂದರು. ನಮ್ಮ ಊರಿನ ಹದಿಮೂರರ ಹುಡುಗನ ಹಿಂದೆ ಯಾರಿದ್ದಾರೆ?

ಅಮೆರಿಕದವರು ಬೇಸ್‌ಬಾಲ್ ಆಟದಲ್ಲಿ ಈ ಪಾಠವನ್ನು ಬಹಳ ಕಷ್ಟದಿಂದ ಕಲಿತರು. 1974ರಲ್ಲಿ ಟಾಮಿ ಜಾನ್ ಎಂಬ ಆಟಗಾರನ ಮೊಣಕೈಯ ಹರಿದ ಕಟ್ಟುನಾರನ್ನು ಡಾ. ಫ್ರಾಂಕ್ ಜೋಬ್ ಹೊಸದಾಗಿ ಕಟ್ಟಿದರು. ವೃತ್ತಿಪರರಿಗೆಂದು ಹುಟ್ಟಿದ ಆ ಶಸ್ತ್ರಚಿಕಿತ್ಸೆ ಬರಬರುತ್ತ ಶಾಲಾ ಹುಡುಗರಿಗೂ ಬೇಕಾಯಿತು. ಆಗ ಹಿರಿಯರು ಎಚ್ಚೆತ್ತರು. ಅಲ್ಲಿನ ಮಕ್ಕಳ ಲೀಗು 2007ರಿಂದ ಎಸೆತಗಳನ್ನೇ ಎಣಿಸುವ ನಿಯಮವನ್ನು ತಂದಿತು. 11-12 ವರ್ಷದ ಹುಡುಗ ದಿನಕ್ಕೆ 85ಕ್ಕಿಂತ ಹೆಚ್ಚು ಎಸೆಯಕೂಡದು. 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಕ್ರಿಕೆಟ್ಟಿನಲ್ಲಿ ಇಂಗ್ಲೆಂಡಿನ ಮಂಡಳಿಯು ಎಳೆಯ ವೇಗದ ಬೌಲರುಗಳಿಗೆ ಇಂಥದೇ ಮಿತಿಯನ್ನು ಹಾಕಿಕೊಟ್ಟಿತು: 13 ವರ್ಷದೊಳಗಿನವರಿಗೆ ಒಂದು ಸರದಿಗೆ 5 ಓವರು, ದಿನಕ್ಕೆ 10, 15ರೊಳಗಿನವರಿಗೆ 6 ಮತ್ತು 12, 17ರೊಳಗಿನವರಿಗೆ 7 ಮತ್ತು 18.

ಗಡಿನಾಡಿನ ನಮಗೆ ಇಲ್ಲಿ ಇನ್ನೊಂದು ತೊಡಕುಂಟು. ನಮ್ಮ ಮಕ್ಕಳು ಎರಡು ರಾಜ್ಯಗಳಲ್ಲಿ ಆಡುತ್ತಾರೆ. ರಾಯದುರ್ಗದ ಹುಡುಗ ಶನಿವಾರ ಶಾಲೆಯ ತಂಡಕ್ಕೆ ಚೆಂಡೆಸೆದು, ಭಾನುವಾರ ಮೊಳಕಾಲ್ಮೂರಿಗೋ ಬಳ್ಳಾರಿಗೋ ಟೆನಿಸ್ ಚೆಂಡಿನ ಪಂದ್ಯಾವಳಿಗೆ ಬಸ್ಸು ಹತ್ತುತ್ತಾನೆ. ಮಡಕಶಿರಾದವನು ಹಿಂದೂಪುರದಲ್ಲಿ ಅಭ್ಯಾಸ ಮುಗಿಸಿ, ಪಾವಗಡದಲ್ಲಿರುವ ಸೋದರಮಾವನ ಊರ ತಂಡಕ್ಕೂ ಆಡುತ್ತಾನೆ. 2022ರಲ್ಲಿ ಜಿಲ್ಲೆ ಒಡೆದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಮಕ್ಕಳ ಓಡಾಟ ಮಾತ್ರ ಹಾಗೆಯೇ ಇದೆ. ಆಚೆಯ ತರಬೇತುದಾರನಿಗೆ ಈಚೆಯ ಎಸೆತಗಳು ತಿಳಿಯವು, ಈಚೆಯವನಿಗೆ ಆಚೆಯವು ತಿಳಿಯವು. ತೋಳಿಗೆ ಗಡಿಯಿಲ್ಲ, ಎರಡೂ ಕಡೆಯ ದಣಿವು ಅದರ ಮೇಲೆಯೇ ಬೀಳುತ್ತದೆ.

ಆದುದರಿಂದ ಈ ಲೆಕ್ಕವನ್ನು ಮನೆಯವರೇ ಇಡಬೇಕು. ಹಾಲಿನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸುವ ತಾಯಂದಿರಿಗೆ ಇದೇನು ದೊಡ್ಡ ಕೆಲಸವಲ್ಲ. ಆಯಾ ದಿನದ ಮನೆಯಲ್ಲಿ ಆ ದಿನದ ಓವರುಗಳನ್ನು ಬರೆಯಿರಿ. ಅಭ್ಯಾಸದ ಎಸೆತಗಳೂ ಅದರಲ್ಲಿ ಸೇರಲಿ. ಟೆನಿಸ್ ಚೆಂಡು ಹಗುರವೆಂದು ಬಿಡಬೇಡಿ. ಬೀಸುವ ತೋಳು ಅದೇ ಅಲ್ಲವೆ? ಒಂದು ವಾರದ ಮೊತ್ತ ಹಿಂದಿನ ವಾರಗಳಿಗಿಂತ ಹಠಾತ್ತನೆ ಏರದಂತೆ ನೋಡಿಕೊಳ್ಳಿರಿ. ಪರೀಕ್ಷೆಗೆಂದು ಎರಡು ತಿಂಗಳು ಆಟ ಬಿಟ್ಟಿದ್ದ ಹುಡುಗ ಬೇಸಿಗೆ ರಜೆಯ ಮೊದಲ ದಿನವೇ ಇಪ್ಪತ್ತು ಓವರು ಎಸೆಯುವುದು ಇಂಥ ಅಪಾಯವೇ. ವರ್ಷದಲ್ಲಿ ಕೆಲವು ತಿಂಗಳಾದರೂ ತೋಳಿಗೆ ಪೂರ್ಣ ಬಿಡುವಿರಲಿ.

ನೋವೆಂದು ಹುಡುಗ ಹೇಳಿದಾಗ ಸೋಮಾರಿತನವೆಂದು ಗದರುವುದೂ, ಎಣ್ಣೆ ತಿಕ್ಕಿ ಮಾತ್ರೆ ನುಂಗಿಸಿ ಮತ್ತೆ ಮೈದಾನಕ್ಕೆ ಕಳಿಸುವುದೂ ಸಲ್ಲದು. ಎಸೆಯುವಾಗ ಭುಜ ಅಥವಾ ಮೊಣಕೈ ನೊಂದರೆ, ಬೆನ್ನನ್ನು ಹಿಂದಕ್ಕೆ ಬಾಗಿಸಿದಾಗ ಕೆಳಗೆ ಒಂದೇ ಪಕ್ಕದಲ್ಲಿ ನೋವು ಕಂಡರೆ, ಆ ದಿನವೇ ಎಸೆತ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಬೇಕು. ಬಿರುಕು ಆರಂಭದಲ್ಲಿ ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಬೇಗ ತಿಳಿದರೆ ಬಹುತೇಕ ವಿಶ್ರಾಂತಿಯಿಂದಲೇ ಕೂಡಿಕೊಳ್ಳುತ್ತದೆ.

ಹುಡುಗನ ಕೈಯಿಂದ ಚೆಂಡನ್ನು ಕಸಿದುಕೊಳ್ಳಿರೆಂದು ನಾವು ಹೇಳುತ್ತಿಲ್ಲ. ಇಪ್ಪತ್ತರ ಹರೆಯದಲ್ಲಿಯೂ ಅದು ಅವನ ಕೈಯಲ್ಲಿಯೇ ಇರಲೆಂಬುದು ನಮ್ಮ ಆಸೆ. ಈ ಭಾನುವಾರ ಅವನು ಆಟ ಮುಗಿಸಿ ಮನೆಗೆ ಬಂದಾಗ, ಎಷ್ಟು ವಿಕೆಟ್ ಬಂತೆಂದು ಕೇಳುವ ಮೊದಲು ಎಷ್ಟು ಓವರು ಎಸೆದೆಯಪ್ಪಾ ಎಂದು ಕೇಳಿರಿ.