ಹೊಟ್ಟೆಗೊಂದು ಲೆಕ್ಕ, ಮುಖಕ್ಕೊಂದು ಲೆಕ್ಕ: ಹಾಲಿನ ಬಗ್ಗೆ ನಾವು ತಿಳಿದುಕೊಂಡದ್ದು

"ಹಾಲು ಬಿಡು, ಮೊಡವೆ ತಾನಾಗೇ ಹೋಗತ್ತೆ." ಹಾಸ್ಟೆಲ್ ಸೇರಿದ ಮೊದಲ ಸೆಮಿಸ್ಟರಿನಲ್ಲೇ ಈ ಸಲಹೆ ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಬಿದ್ದಿರುತ್ತದೆ. ಪಕ್ಕದ ರೂಮಿನವನು "ಹಾಲು ಬಿಡಬೇಡ, ಪ್ಯಾಕೆಟ್ ಹಾಲು ಬಿಡು, ನಾಟಿ ಹಸುವಿನ ಹಾಲು ಕುಡಿ" ಅಂತಾನೆ. ಜಿಮ್‌ಗೆ ಹೋಗುವ ಗೆಳೆಯ "ಕೆನೆ ತೆಗೆದ ಹಾಲು ಕುಡಿ, ಎಣ್ಣೆ ಅಂಶ ಇರಲ್ಲ" ಅಂತಾನೆ. ಇವರಲ್ಲಿ ಯಾರ ಮಾತು ಕೇಳುವುದು?

ಮಗ್ಗೆ, ಆಲೂರು, ಸಕಲೇಶಪುರದ ಕಡೆಯಿಂದ ಬಂದವರಿಗೆ ಇದು ಬರೀ ಮುಖದ ಪ್ರಶ್ನೆ ಅಲ್ಲ. ಅಲ್ಲಿ ಕಾಫಿ, ಮೆಣಸಿನ ದುಡ್ಡು ಬರುವುದು ವರ್ಷಕ್ಕೊಮ್ಮೆ. ನಡುವೆ ಮನೆ ಖರ್ಚಿಗೆ ಒದಗುವುದು ಡೈರಿಗೆ ಹಾಕಿದ ಹಾಲಿನ ದುಡ್ಡು. ಆ ದುಡ್ಡಿನಲ್ಲೇ ಮಕ್ಕಳ ಮೆಸ್ ಬಿಲ್ ಕಟ್ಟುವ ಮನೆಗಳಿವೆ. ಹಾಗಿರುವಾಗ ಹಾಲನ್ನು ಸುಮ್ಮನೆ ವಿಷ ಅನ್ನುವುದೂ ತಪ್ಪು, ಅಮೃತ ಅನ್ನುವುದೂ ತಪ್ಪು. ಲೆಕ್ಕ ಹಾಕಿಯೇ ನೋಡೋಣ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಹೊಟ್ಟೆ ಕೆಡುವುದಕ್ಕೂ ಮೊಡವೆ ಬರುವುದಕ್ಕೂ ಹಾಲಿನಲ್ಲಿ ಬೇರೆ ಬೇರೆ ಕಾರಣಗಳಿವೆ. ಹೊಟ್ಟೆಯ ತೊಂದರೆ ಮುಖ್ಯವಾಗಿ ಹಾಲಿನ ಸಕ್ಕರೆಯಿಂದ. ಮುಖದ ತೊಂದರೆ, ಅದು ಹಾಲಿನಿಂದಲೇ ಬಂದಿದ್ದರೆ, ಹಾಲಿನ ಪ್ರೋಟೀನು ಎಬ್ಬಿಸುವ ಹಾರ್ಮೋನುಗಳಿಂದ. ಇವೆರಡನ್ನೂ ಒಂದೇ ಮಾಡಿಕೊಂಡಿದ್ದರಿಂದಲೇ ಇಷ್ಟೆಲ್ಲ ಗೊಂದಲ.

ಹೊಟ್ಟೆಯ ಲೆಕ್ಕ

ಹಾಲಿನಲ್ಲಿರುವ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಹುಟ್ಟಿದ ಮಗುವಿನಲ್ಲಿ ಇದು ಧಾರಾಳವಾಗಿರುತ್ತದೆ. ದೊಡ್ಡವರಾಗುತ್ತಾ ಹೋದಂತೆ ಪ್ರಪಂಚದ ಮೂರರಲ್ಲಿ ಎರಡು ಪಾಲು ಜನರಲ್ಲಿ ಕಡಿಮೆಯಾಗುತ್ತದೆ. ಅಂದರೆ ಇದು ಕಾಯಿಲೆ ಅಲ್ಲ, ಮನುಷ್ಯನ ಮೂಲ ಸ್ಥಿತಿಯೇ ಅದು. ದೊಡ್ಡವರಾದ ಮೇಲೂ ಲ್ಯಾಕ್ಟೇಸ್ ಉಳಿಸಿಕೊಳ್ಳುವ ಜೀನ್ ರೂಪ ಕೆಲವರಲ್ಲಿ ಮಾತ್ರ ಇದೆ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಸೇರಿ ಭಾರತದ ಎರಡು ಸಾವಿರಕ್ಕೂ ಹೆಚ್ಚು ಜನರ ಡಿಎನ್ಎ ನೋಡಿದಾಗ, ಈ ರೂಪ ವಾಯವ್ಯ ಭಾರತದಲ್ಲಿ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ ಅಂತ ಗೊತ್ತಾಯಿತು. ಪಂಜಾಬಿನ ಗೆಳೆಯ ಎರಡು ಲೋಟ ಹಾಲು ಕುಡಿದು ಆರಾಮಾಗಿ ಕ್ಲಾಸಿಗೆ ಹೋಗುವಾಗ ನಮ್ಮ ಹೊಟ್ಟೆ ಗುಡುಗುಡು ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಎರಡು ಕೆಲಸ ನಡೆಯುತ್ತದೆ. ಒಂದು, ಆಸ್ಮಾಸಿಸ್: ಸಕ್ಕರೆ ತನ್ನ ಸುತ್ತ ನೀರನ್ನು ಎಳೆದುಕೊಳ್ಳುತ್ತದೆ, ಭೇದಿಯಾಗುತ್ತದೆ. ಎರಡು, ಹುದುಗುವಿಕೆ: ಅಲ್ಲಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ತಿಂದು ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ಹೊಟ್ಟೆ ಉಬ್ಬರಿಸುತ್ತದೆ. ಈ ಹೈಡ್ರೋಜನ್ನಿನಲ್ಲಿ ಸ್ವಲ್ಪ ಭಾಗ ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಬರುತ್ತದೆ. ಆಸ್ಪತ್ರೆಗಳಲ್ಲಿ ಲ್ಯಾಕ್ಟೋಸ್ ಪರೀಕ್ಷೆ ಮಾಡುವುದು ಹೀಗೆಯೇ, ಉಸಿರಿನಲ್ಲಿ ಹೈಡ್ರೋಜನ್ ಅಳೆದು.

ಈಗ ಅಳತೆಗೆ ಬರೋಣ. 100 ಮಿಲಿ ಹಸುವಿನ ಹಾಲಿನಲ್ಲಿ ಲ್ಯಾಕ್ಟೋಸ್ ಸುಮಾರು 4.7ರಿಂದ 5 ಗ್ರಾಂ. 200 ಮಿಲಿ ಲೋಟಕ್ಕೆ ಹತ್ತಿರ ಹತ್ತಿರ 10 ಗ್ರಾಂ. ಲ್ಯಾಕ್ಟೇಸ್ ಕಡಿಮೆ ಇರುವವರಲ್ಲೂ ಹೆಚ್ಚಿನವರು ಒಂದು ಸಲಕ್ಕೆ 12 ಗ್ರಾಂವರೆಗೆ ದೊಡ್ಡ ತೊಂದರೆಯಿಲ್ಲದೆ ತಡೆದುಕೊಳ್ಳುತ್ತಾರೆ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಹೇಳಿದೆ. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಕ್ಷೀರಭಾಗ್ಯ ನೆನಪಿರಬಹುದು. 2013ರ ಆಗಸ್ಟಿನಲ್ಲಿ ಶುರುವಾದ ಆ ಯೋಜನೆಯಲ್ಲಿ 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿ ಹಾಲು ಮಾಡಿ ಕೊಡುತ್ತಿದ್ದರು. ಅದರಲ್ಲಿ ಲ್ಯಾಕ್ಟೋಸ್ ಸುಮಾರು 7 ಗ್ರಾಂ, ಮಿತಿಯ ಒಳಗೇ. ಮೆಸ್‌ನ ಕಾಫಿಯಲ್ಲಿರುವ ಹಾಲು ಇನ್ನೂ ಕಡಿಮೆ. ಆದ್ದರಿಂದ ಕಾಫಿ ಕುಡಿದರೆ ಏನೂ ಆಗದವರಿಗೆ, ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟ ಹಾಲು ಕುಡಿದಾಗ ಮಾತ್ರ ಹೊಟ್ಟೆ ಕೆಟ್ಟರೆ ಅದರಲ್ಲಿ ಆಶ್ಚರ್ಯ ಇಲ್ಲ.

ಹಾಲಿನ ಬಗೆ ಬದಲಾಯಿಸಿದರೆ?

ಅಂಗಡಿಯ ಪ್ಯಾಕೆಟ್ಟುಗಳ ಬಣ್ಣ ಹೇಳುವುದು ಮುಖ್ಯವಾಗಿ ಕೊಬ್ಬಿನ ಲೆಕ್ಕ. ನಂದಿನಿಯ ನೀಲಿ ಪ್ಯಾಕೆಟ್ ಟೋನ್ಡ್ ಹಾಲು. ಅದರಲ್ಲಿ ಕೊಬ್ಬು ಶೇ. 3, ಕೊಬ್ಬಲ್ಲದ ಘನ ಪದಾರ್ಥ ಶೇ. 8.5. ಡಬಲ್ ಟೋನ್ಡ್‌ನಲ್ಲಿ ಕೊಬ್ಬು ಶೇ. 1.5, ಫುಲ್ ಕ್ರೀಮ್‌ನಲ್ಲಿ ಶೇ. 6. ಲ್ಯಾಕ್ಟೋಸ್ ಇರುವುದು ಆ ಕೊಬ್ಬಲ್ಲದ ಭಾಗದಲ್ಲಿ. ಹಾಗಾಗಿ ಯಾವ ಬಣ್ಣದ ಪ್ಯಾಕೆಟ್ ತಂದರೂ ಲ್ಯಾಕ್ಟೋಸ್ ಹೆಚ್ಚು ಕಡಿಮೆ ಅಷ್ಟೇ. ಎಮ್ಮೆ ಹಾಲಿನಲ್ಲೂ ಅಷ್ಟೇ. ಅದರಲ್ಲಿ ಕೊಬ್ಬು ಜಾಸ್ತಿ ಇರುವುದರಿಂದ ಹೊಟ್ಟೆಯಿಂದ ನಿಧಾನವಾಗಿ ಕೆಳಗಿಳಿಯುತ್ತದೆ, ಭಾರ ಅನ್ನಿಸುತ್ತದೆ. ಮೇಕೆ ಹಾಲಿನಲ್ಲಿ ಲ್ಯಾಕ್ಟೋಸ್ ಸ್ವಲ್ಪ ಕಡಿಮೆ, ಆದರೆ ವ್ಯತ್ಯಾಸ ಗೊತ್ತಾಗುವಷ್ಟಲ್ಲ. ಕಾಯಿಸಿದರೂ ಲ್ಯಾಕ್ಟೋಸ್ ಹೋಗುವುದಿಲ್ಲ. ಹಾಗಂತ ಊರಿಂದ ತಂದ ಹಸಿ ಹಾಲನ್ನು ಕಾಯಿಸದೆ ಕುಡಿಯಬೇಡಿ. ಬ್ರುಸೆಲ್ಲೋಸಿಸ್, ಕ್ಷಯದಂಥ ರೋಗಗಳು ಹಸಿ ಹಾಲಿನಿಂದ ಬರುತ್ತವೆ.

ನಿಜವಾದ ವ್ಯತ್ಯಾಸ ಕಾಣುವುದು ಹೆಪ್ಪು ಹಾಕಿದಾಗ. ಹಾಲು ಮೊಸರಾಗುವಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದಷ್ಟು ಭಾಗವನ್ನು ಲ್ಯಾಕ್ಟಿಕ್ ಆಮ್ಲ ಮಾಡಿಬಿಡುತ್ತವೆ, ಹುಳಿ ಬರುವುದು ಅದರಿಂದಲೇ. ಮೊಸರು ಗಟ್ಟಿ ಇರುವುದರಿಂದ ಕರುಳಿನಲ್ಲಿ ನಿಧಾನವಾಗಿಯೂ ಸಾಗುತ್ತದೆ. ನೀರು ಬೆರೆಸಿದ ಮಜ್ಜಿಗೆಯಲ್ಲಿ ಲೋಟಕ್ಕೆ ಬರುವ ಲ್ಯಾಕ್ಟೋಸ್ ಇನ್ನೂ ಕಡಿಮೆ. ಹಾಲು ಆಗದ ಎಷ್ಟೋ ಜನರಿಗೆ ಮೊಸರನ್ನ ಆಗಿಬರುವುದು ಹೀಗೆ. ಲ್ಯಾಕ್ಟೋಸ್‌ರಹಿತ ಅಂತ ಮಾರುವ ಹಾಲಿನಲ್ಲಿ ಲ್ಯಾಕ್ಟೇಸ್ ಹಾಕಿ ಸಕ್ಕರೆಯನ್ನು ಮೊದಲೇ ಒಡೆದಿರುತ್ತಾರೆ. ಸ್ವಲ್ಪ ಸಿಹಿ ಜಾಸ್ತಿ ಅನ್ನಿಸುತ್ತದೆ, ಹೊಟ್ಟೆಗೆ ಮಾತ್ರ ಸುಖ.

ನಾಟಿ ಹಸು ಮತ್ತು ಎ2 ಕಥೆ

ಮಗ್ಗೆ ಕಡೆಯ ಗುಡ್ಡಗಳಲ್ಲಿ ಮೇಯುವ ಮಲೆನಾಡು ಗಿಡ್ಡ ನಮಗೆ ಗೊತ್ತಿರುವ ಹಸು. ಆಳು ಸಣ್ಣದು, ಮಳೆಗೂ ಜಿಗಣೆಗೂ ಜಗ್ಗದ್ದು, ಹಾಲು ಮಾತ್ರ ಕಡಿಮೆ. ಡೈರಿಯ ಕ್ಯಾನು ತುಂಬಿಸುವುದು ಹೆಚ್ಚಾಗಿ ಎಚ್ಎಫ್, ಜರ್ಸಿ ಮಿಶ್ರತಳಿಗಳು. ಹಾಸನ, ಕೊಡಗು, ಚಿಕ್ಕಮಗಳೂರು ಜಿಲ್ಲೆಗಳ ಹಾಲೆಲ್ಲ ಹಾಸನದ ಹಾಲು ಒಕ್ಕೂಟದಲ್ಲಿ ಬೆರೆತು ಪ್ಯಾಕೆಟ್ ಸೇರುತ್ತದೆ.

ಎ1, ಎ2 ಅನ್ನುವುದು ಬೀಟಾ ಕೇಸಿನ್ ಎಂಬ ಪ್ರೋಟೀನಿನ ಎರಡು ರೂಪ. ಅದರ ಸರಪಳಿಯ 67ನೇ ಸ್ಥಾನದಲ್ಲಿ ಎ2ಗೆ ಪ್ರೋಲಿನ್, ಎ1ಗೆ ಹಿಸ್ಟಿಡಿನ್. ವ್ಯತ್ಯಾಸ ಅಷ್ಟೇ. ಎ1 ಜೀರ್ಣವಾಗುವಾಗ ಬಿಸಿಎಂ-7 ಎಂಬ ತುಣುಕು ಹೆಚ್ಚು ಬಿಡುಗಡೆಯಾಗುತ್ತದೆ, ಅದರಿಂದ ತೊಂದರೆ ಎನ್ನುವುದು ವಾದ. ಯುರೋಪಿನ ಅದೇ ಸಂಸ್ಥೆ 2009ರಲ್ಲಿ ಪುರಾವೆಗಳನ್ನೆಲ್ಲ ನೋಡಿ, ಬಿಸಿಎಂ-7ಕ್ಕೂ ರೋಗಗಳಿಗೂ ಕಾರ್ಯಕಾರಣ ಸಂಬಂಧ ಸಿಕ್ಕಿಲ್ಲ ಎಂದಿತು. ಚೀನಾದಲ್ಲಿ ನಡೆದ ಕೆಲವು ಸಣ್ಣ ಪ್ರಯೋಗಗಳಲ್ಲಿ ಎ2 ಹಾಲು ಕುಡಿದವರಿಗೆ ಹೊಟ್ಟೆಯ ಕಿರಿಕಿರಿ ಕಡಿಮೆ ಎಂದು ಬಂದಿದೆ. ಆದರೆ ಅವುಗಳಿಗೆ ದುಡ್ಡು ಕೊಟ್ಟದ್ದು ಎ2 ಹಾಲು ಮಾರುವ ಕಂಪನಿ ಎಂಬುದನ್ನೂ ನೆನಪಿಡಬೇಕು. ಭಾರತದ ದೇಸಿ ಹಸುಗಳಲ್ಲಿ ಹೆಚ್ಚಿನವು ಎ2, ಎಮ್ಮೆಗಳೂ ಎ2. ಮಲೆನಾಡು ಗಿಡ್ಡದಲ್ಲೂ ಬಹುಪಾಲು ಎ2ವೇ. ಆದರೆ ಪರೀಕ್ಷೆ ಮಾಡಿದಾಗ ಸ್ವಲ್ಪ ಪ್ರಮಾಣದಲ್ಲಿ ಎ1 ಕೂಡ ಸಿಕ್ಕಿದೆ. 2024ರ ಆಗಸ್ಟಿನಲ್ಲಿ ಎಫ್ಎಸ್ಎಸ್ಎಐ, ಎ1/ಎ2 ಎಂದು ಪ್ಯಾಕೆಟ್ ಮೇಲೆ ಹಾಕಬೇಡಿ ಎಂದು ಸೂಚಿಸಿತು. ವಾರದೊಳಗೇ ಅದನ್ನು ಹಿಂದಕ್ಕೆ ತೆಗೆದುಕೊಂಡಿತು.

ನಮಗೆ ಬೇಕಾದ ಮುಖ್ಯ ವಿಷಯ ಇಷ್ಟು: ಎ2 ಹಾಲಿನಲ್ಲೂ ಲ್ಯಾಕ್ಟೋಸ್ ಅಷ್ಟೇ ಇದೆ, ಮತ್ತು ಎ2 ಕುಡಿದರೆ ಮೊಡವೆ ಹೋಗುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಗಿಡ್ಡ ಹಸುವನ್ನು ಉಳಿಸಲು ಬೇರೆ ಒಳ್ಳೆಯ ಕಾರಣಗಳಿವೆ. ಮುಖದ ಆಸೆಗೆ ಹಾಲಿಗೆ ಎರಡು ಮೂರು ಪಟ್ಟು ದುಡ್ಡು ಕೊಡುವುದು ಬೇಡ.

ಮುಖದ ಲೆಕ್ಕ

ಮೊಡವೆ ಹುಟ್ಟುವುದು ಹೀಗೆ: ಹದಿಹರೆಯದಲ್ಲಿ ಹಾರ್ಮೋನು ಏರಿದಾಗ ಚರ್ಮದ ಗ್ರಂಥಿಗಳು ಜಿಡ್ಡು ಹೆಚ್ಚು ಸುರಿಸುತ್ತವೆ, ಸತ್ತ ಕೋಶಗಳು ರಂಧ್ರದ ಬಾಯಿ ಮುಚ್ಚುತ್ತವೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಉರಿಯೂತವಾಗುತ್ತದೆ. ಹಾಲು ಇದರೊಳಗೆ ಎಲ್ಲಿ ಬರುತ್ತದೆ? ಹಾಲು ರಕ್ತದ ಸಕ್ಕರೆಯನ್ನು ಅಷ್ಟಾಗಿ ಏರಿಸುವುದಿಲ್ಲ, ಆದರೆ ಇನ್ಸುಲಿನ್ನನ್ನು ಚೆನ್ನಾಗಿಯೇ ಏರಿಸುತ್ತದೆ. ಜೊತೆಗೆ ಐಜಿಎಫ್-1 ಎಂಬ ಬೆಳವಣಿಗೆಯ ಹಾರ್ಮೋನೂ ಏರುತ್ತದೆ. ಕರುವನ್ನು ಬೆಳೆಸಲು ಇರುವ ಆಹಾರ ತಾನೇ! ಇವೆರಡೂ ಜಿಡ್ಡಿನ ಗ್ರಂಥಿಗಳಿಗೆ ಇನ್ನಷ್ಟು ಕೆಲಸ ಕೊಡುತ್ತವೆ.

ಇದು ಸಿದ್ಧಾಂತ. ಅಂಕಿ ಏನು ಹೇಳುತ್ತದೆ? 7ರಿಂದ 30 ವರ್ಷದ 78,529 ಜನರ ಮಾಹಿತಿ ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ, ಹಾಲು ಕುಡಿಯದವರಿಗೆ ಹೋಲಿಸಿದರೆ ಕುಡಿಯುವವರಿಗೆ ಮೊಡವೆಯ ಆಡ್ಸ್ ಅನುಪಾತ 1.28. ಗಟ್ಟಿ ಹಾಲಿಗೆ 1.22, ಕೊಬ್ಬು ಕಡಿಮೆ ಇರುವ ಹಾಲಿಗೆ 1.32. ಕೊನೆಯ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ದೊಡ್ಡದು ಮಾಡಬೇಕಿಲ್ಲ, ದೋಷದ ಮಿತಿಯಲ್ಲಿ ಒಂದರ ಮೇಲೊಂದು ಬರುತ್ತವೆ. ಆದರೆ ಕೆನೆ ತೆಗೆದರೆ ಮೊಡವೆ ಕಡಿಮೆ ಎಂಬ ನಂಬಿಕೆಗೆ ಇಲ್ಲಿ ಆಧಾರ ಸಿಗುವುದಿಲ್ಲ.

1.28 ಅಂದರೆ ಎಷ್ಟು? ಉದಾಹರಣೆಗೆ ಹಾಲು ಕುಡಿಯದ 100 ಜನರಲ್ಲಿ 30 ಮಂದಿಗೆ ಮೊಡವೆ ಇದೆ ಅಂದುಕೊಳ್ಳಿ. ಆಡ್ಸ್ 30/70, ಅಂದರೆ 0.43. ಅದನ್ನು 1.28ರಿಂದ ಗುಣಿಸಿದರೆ 0.55. ಮತ್ತೆ ಶೇಕಡಾಕ್ಕೆ ತಂದರೆ 35. ಅಂದರೆ ನೂರರಲ್ಲಿ ಐದು ಜನ ಹೆಚ್ಚು. ಅದೂ ಸಹಸಂಬಂಧ ಮಾತ್ರ. ಇವೆಲ್ಲ ಹೆಚ್ಚಾಗಿ ಪ್ರಶ್ನೆ ಕೇಳಿ ಬರೆದುಕೊಂಡ ಅಧ್ಯಯನಗಳು. ಹಾಲು ಹೆಚ್ಚು ಕುಡಿಯುವವರು ಜೊತೆಗೆ ಏನೇನು ತಿನ್ನುತ್ತಾರೆ ಎನ್ನುವುದನ್ನು ಪೂರ್ತಿ ಬೇರ್ಪಡಿಸಲು ಆಗುವುದಿಲ್ಲ.

ಸಿಹಿಯ ಮೇಲಿನ ಆರೋಪಕ್ಕೆ ಇನ್ನೂ ಸ್ವಲ್ಪ ಬಲವಾದ ಆಧಾರ ಇದೆ. 2007ರಲ್ಲಿ ಆಸ್ಟ್ರೇಲಿಯಾದಲ್ಲಿ 15ರಿಂದ 25 ವರ್ಷದ 43 ಹುಡುಗರನ್ನು ಎರಡು ಗುಂಪು ಮಾಡಿ 12 ವಾರ ಪ್ರಯೋಗ ನಡೆಸಿದರು. ಸಕ್ಕರೆ ಬೇಗ ಏರಿಸದ ಆಹಾರ ತಿಂದ ಗುಂಪಿನಲ್ಲಿ ಮೊಡವೆ ಹೆಚ್ಚು ಇಳಿಯಿತು. ಗುಂಪು ಚಿಕ್ಕದು, ಆದರೆ ಇದು ನಿಜವಾದ ಪ್ರಯೋಗ. ಹಾಲಿಗೆ ಎರಡು ಚಮಚ ಸಕ್ಕರೆ, ಮೇಲೆ ಚಾಕೊಲೇಟ್ ಪುಡಿ ಹಾಕಿ ಕುಡಿದು ಹಾಲನ್ನು ಮಾತ್ರ ಬೈಯುವವರು ಇದನ್ನು ಗಮನಿಸಬೇಕು. ಜಿಮ್ ಗೆಳೆಯರಿಗೂ ಒಂದು ಮಾತು: ವೇ ಪ್ರೋಟೀನ್ ಅಂದರೆ ಹಾಲಿನಲ್ಲಿ ಇನ್ಸುಲಿನ್ ಏರಿಸುವ ಭಾಗವನ್ನೇ ಗಟ್ಟಿ ಮಾಡಿದ ಪುಡಿ. ಅದನ್ನು ಶುರು ಮಾಡಿದ ಮೇಲೆ ಮೊಡವೆ ಎದ್ದು, ಬಿಟ್ಟ ಮೇಲೆ ಇಳಿದ ಉದಾಹರಣೆಗಳನ್ನು ಚರ್ಮವೈದ್ಯರು ದಾಖಲಿಸಿದ್ದಾರೆ.

ಇಲ್ಲಿ ಮೊದಲು ಹೇಳಿದ ಮಾತು ಮತ್ತೆ ಬರುತ್ತದೆ. ಲ್ಯಾಕ್ಟೋಸ್‌ರಹಿತ ಹಾಲು ಹೊಟ್ಟೆಗೆ ಪರಿಹಾರ, ಮುಖಕ್ಕಲ್ಲ. ಪ್ರೋಟೀನು ಅಲ್ಲೇ ಇದೆಯಲ್ಲ! ಮೊಸರು ಹೊಟ್ಟೆಗೆ ಒಳ್ಳೆಯದು, ಮೊಡವೆಯ ವಿಷಯದಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುತ್ತಿಲ್ಲ. ಬಾದಾಮಿ ಹಾಲಿನಲ್ಲಿ ಎರಡೂ ತೊಂದರೆ ಇಲ್ಲ, ಆದರೆ ಪ್ರೋಟೀನೂ ಅಷ್ಟಕ್ಕಷ್ಟೇ, ಸಕ್ಕರೆ ಸೇರಿಸಿದ್ದೇ ಹೆಚ್ಚು.

ಹಾಗಾದರೆ ಏನು ಮಾಡೋಣ?

ಲ್ಯಾಬ್‌ನಲ್ಲಿ ಮಾಡುವ ಹಾಗೆ ಒಂದು ಸಲಕ್ಕೆ ಒಂದೇ ಚರವನ್ನು ಬದಲಿಸಿ. ಹೊಟ್ಟೆಯ ತೊಂದರೆ ಇದ್ದರೆ ಎರಡು ವಾರ ಹಾಲು ನಿಲ್ಲಿಸಿ, ಮೊಸರು ಮಜ್ಜಿಗೆ ಇರಲಿ. ಆಮೇಲೆ ಊಟದ ಜೊತೆ ಅರ್ಧ ಲೋಟ ಹಾಲಿನಿಂದ ಮತ್ತೆ ಶುರು ಮಾಡಿ ನಿಮ್ಮ ಮಿತಿ ಕಂಡುಕೊಳ್ಳಿ. ಮೊಡವೆಗಾದರೆ ಮೊದಲು ಸಕ್ಕರೆ, ಕೂಲ್‌ಡ್ರಿಂಕ್ಸ್, ಬೇಕರಿ ತಿಂಡಿ ಕಡಿಮೆ ಮಾಡಿ, ಆಮೇಲೆ ವೇ ಪುಡಿ, ಕೊನೆಗೆ ಹಾಲು. ಪ್ರತಿಯೊಂದಕ್ಕೂ ಎಂಟರಿಂದ ಹನ್ನೆರಡು ವಾರ ಕೊಡಿ. ಚರ್ಮ ಇಂಟರ್ನಲ್ಸ್ ನಡುವಿನ ಗ್ಯಾಪ್‌ನಲ್ಲಿ ಬದಲಾಗುವುದಿಲ್ಲ. ಪ್ರತಿ ವಾರ ಒಂದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ, ನೆನಪನ್ನು ನಂಬಬೇಡಿ.

ಹಾಲು ಬಿಟ್ಟರೆ ಕ್ಯಾಲ್ಸಿಯಂ ಎಲ್ಲಿಂದ ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲೇ ಉತ್ತರ ಇದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಮುದ್ದೆ ಬಿಡಬೇಡಿ.

ಮೊಡವೆ ಗಂಟು ಕಟ್ಟುತ್ತಿದ್ದರೆ, ಕಲೆ ಉಳಿಯುತ್ತಿದ್ದರೆ ಊಟದ ಪ್ರಯೋಗಕ್ಕೆ ಕಾಯದೆ ಚರ್ಮವೈದ್ಯರ ಹತ್ತಿರ ಹೋಗಿ. ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆತ ಕ್ರೀಮು ಹಚ್ಚಬೇಡಿ. ಮೊದಲ ವಾರ ಮುಖ ತಿಳಿಯಾದ ಹಾಗೆ ಕಾಣುತ್ತದೆ, ಬಿಟ್ಟ ಕೂಡಲೇ ಮೊದಲಿಗಿಂತ ಜೋರಾಗಿ ಎದ್ದು ಬರುತ್ತದೆ, ಚರ್ಮವೂ ತೆಳುವಾಗುತ್ತದೆ. ಹಾಲಿನಿಂದ ಆಗಬಹುದಾದ ಹಾನಿಗಿಂತ ಇದು ಎಷ್ಟೋ ದೊಡ್ಡದು. ಮತ್ತೆ ಮೆಸ್ ಕಮಿಟಿಯಲ್ಲಿರುವವರಿಗೆ ನಮ್ಮದೊಂದು ಕೋರಿಕೆ: ರಾತ್ರಿ ಹಾಲಿನ ಜೊತೆ ಮಜ್ಜಿಗೆಯನ್ನೂ ಇಡಿ, ಹಾಲಿಗೆ ಸಕ್ಕರೆಯನ್ನು ಮೊದಲೇ ಬೆರೆಸಬೇಡಿ. ಬೇಕಾದವರು ಹಾಕಿಕೊಳ್ಳುತ್ತಾರೆ.